ಎಂಟು ದಿನ ಅಂದರೆ ಏಳು ದಿನ

ನಾನು ಹೊಟ್ಟೆಪಾಡಿಗೆ ಏನು ಕೆಲಸ ಮಾಡ್ತೀನಿ ಅನ್ನೋದನ್ನ ನಮ್ಮ ಅಮ್ಮನಿಗೆ ಇವತ್ತಿನವರೆಗೂ ಸರಿಯಾಗಿ ವಿವರಿಸೋಕೆ ಆಗಿಲ್ಲ. ಮಗ ಸಾಫ್ಟ್‌ವೇರ್ ಕಂಪನಿಯಲ್ಲಿದ್ದಾನೆ, ಆದರೆ ಸಾಫ್ಟ್‌ವೇರ್ ಬರೆಯೋದಿಲ್ಲ. ಮತ್ತೇನು ಬರೀತಾನೆ? ಆ ಸಾಫ್ಟ್‌ವೇರನ್ನ ಹೇಗೆ ಉಪಯೋಗಿಸಬೇಕು ಅಂತ ಬರೀತಾನೆ. "ಅದನ್ನ ಯಾರಪ್ಪಾ ಓದ್ತಾರೆ?" ಅಂತ ಅಮ್ಮ ಒಂದ್ಸಲ ಕೇಳಿದ್ದಳು. ಬೆಂಗಳೂರಿನಲ್ಲಿ ಟೆಕ್ನಿಕಲ್ ರೈಟರ್ ಅಂತ ಕಾರ್ಡು ಹಿಡಿದು ಓಡಾಡುವ ನಮ್ಮಂಥವರೆಲ್ಲರ ಗುಟ್ಟು ಅದು. ಯಾರೂ ಓದೋದಿಲ್ಲ. ಮಿಕ್ಸಿ ಕೊಂಡಾಗ ಜೊತೆಗೆ ಬಂದ ಪುಸ್ತಕ ನೀವು ಓದಿದ್ದೀರಾ? ನಾನೂ ಓದಿಲ್ಲ. ಅದು ಇನ್ನೂ ಪ್ಲಾಸ್ಟಿಕ್ ಕವರಿನಲ್ಲೇ ಇದೆ.

ಹೀಗಿರುವಾಗ ಈಚೆಗೆ ನನಗೊಬ್ಬ ಓದುಗ ಸಿಕ್ಕಿದ್ದಾನೆ. ನಾನು ಬರೆದದ್ದನ್ನ ಪ್ರತಿ ಸಲವೂ ಮೊದಲಿಂದ ಕೊನೆತನಕ ಓದುತ್ತಾನೆ. ಬರೆದಿದ್ದನ್ನ ನಂಬುತ್ತಾನೆ. ಬರೆಯದೆ ಬಿಟ್ಟದ್ದು ಅವನ ಪಾಲಿಗೆ ಇಲ್ಲವೇ ಇಲ್ಲ, ಅಥವಾ ಅದಕ್ಕಿಂತ ಕೆಟ್ಟದು, ತಾನೇ ಏನೋ ಒಂದು ಊಹಿಸಿಕೊಂಡುಬಿಡುತ್ತಾನೆ. ಬರೆಯುವ ಚಟ ಇರೋ ಯಾರಿಗಾದರೂ ಇಂಥ ಓದುಗ ಸಿಕ್ಕರೆ ಸ್ವರ್ಗ ಅನ್ನಿಸಬೇಕು. ಮನುಷ್ಯ ಅಲ್ಲ ಅನ್ನೋದೊಂದೇ ಕೊರತೆ. ಎಐ ಏಜೆಂಟು.

ಈ ಏಜೆಂಟು ಅಂದರೇನು ಅಂತ ಎರಡು ಮಾತಲ್ಲಿ ಹೇಳಿಬಿಡ್ತೀನಿ, ಗೊತ್ತಿದ್ದವರು ಮುಂದೆ ಹೋಗಿ. ಚಾಟ್‌ಜಿಪಿಟಿ, ಕ್ಲಾಡ್, ಜೆಮಿನಿ ಇವುಗಳ ಹೊಟ್ಟೆಯಲ್ಲಿರೋ ಮಾಡೆಲ್ಲಿಗೆ ಮೂಲತಃ ಬರೋದು ಒಂದೇ ವಿದ್ಯೆ, ಇಷ್ಟು ಪಠ್ಯ ಕೊಟ್ಟರೆ ಮುಂದಿನ ಪಠ್ಯ ಬರೆಯೋದು. ಅದಕ್ಕೆ ಕೈಕಾಲಿಲ್ಲ. ಬಸ್ ಟಿಕೆಟ್ ಬುಕ್ ಮಾಡು ಅಂದರೆ ಬುಕ್ ಮಾಡಿದ ಹಾಗೆ ಚೆಂದವಾಗಿ ಬರೆದು ಕೊಡಬಹುದು ಅಷ್ಟೇ. ಆ ಕೈಕಾಲು ಕೊಡೋದಕ್ಕೇ ಟೂಲ್ ಅನ್ನೋದು ಬಂದದ್ದು. ಮಾಡೆಲ್ಲಿಗೆ ಒಂದು ಪಟ್ಟಿ ಕೊಡ್ತೀವಿ: ನಿನ್ನ ಹತ್ತಿರ ಇಂತಿಂಥ ಟೂಲ್‌ಗಳಿವೆ, ಒಂದೊಂದರ ಹೆಸರು ಇದು, ಅದು ಮಾಡೋ ಕೆಲಸ ಇದು, ಅದಕ್ಕೆ ಕೊಡಬೇಕಾದ ಮಾಹಿತಿ ಇದು. ಬೇಕು ಅನ್ನಿಸಿದಾಗ ಮಾಡೆಲ್ಲು "ಈ ಟೂಲನ್ನ ಈ ಮಾಹಿತಿ ಕೊಟ್ಟು ಓಡಿಸಿ" ಅಂತ ಒಂದು ಚೀಟಿ ಬರೆಯುತ್ತದೆ. ನಮ್ಮ ಪ್ರೋಗ್ರಾಮು ಆ ಚೀಟಿ ಓದಿ ನಿಜವಾದ ಕೆಲಸ ಮಾಡಿ, ಬಂದ ಉತ್ತರವನ್ನ ವಾಪಸ್ಸು ಕೊಡುತ್ತದೆ. ಓಪನ್‌ಎಐನವರು 2023ರ ಜೂನ್‌ನಲ್ಲಿ ಇದನ್ನ ಫಂಕ್ಷನ್ ಕಾಲಿಂಗ್ ಅನ್ನೋ ಹೆಸರಲ್ಲಿ ಎಲ್ಲ ಪ್ರೋಗ್ರಾಮರುಗಳಿಗೂ ಕೊಟ್ಟರು. 2024ರ ನವೆಂಬರಿನಲ್ಲಿ ಆಂತ್ರೊಪಿಕ್‌ನವರು ಮಾಡೆಲ್ ಕಾಂಟೆಕ್ಸ್ಟ್ ಪ್ರೊಟೊಕಾಲ್, ಚಿಕ್ಕದಾಗಿ ಎಂಸಿಪಿ, ಅಂತ ಒಂದು ಸಾಮಾನ್ಯ ಪದ್ಧತಿ ಹೊರತಂದರು. ಆಮೇಲೆ ಕೇಳಬೇಕೆ, ಟೂಲ್ ಇಲ್ಲದ ಕಂಪನಿಯೇ ಇಲ್ಲ.

ಇಲ್ಲಿ ಗಮನಿಸಬೇಕಾದ ವಿಷಯ ಒಂದೇ. ಮಾಡೆಲ್ಲಿಗೆ ಟೂಲಿನ ಒಳಗಿನ ಕೋಡು ಕಾಣೋದಿಲ್ಲ. ಅದಕ್ಕೆ ಕಾಣೋದು ಹೆಸರು, ಮಾಹಿತಿಯ ನಮೂನೆ, ಮತ್ತೆ ನಾಲ್ಕು ಸಾಲಿನ ವಿವರಣೆ. ಕಿಟಕಿಯೇ ಇಲ್ಲದ ಸರ್ಕಾರಿ ಆಫೀಸಿನ ಮುಂದೆ ನಿಂತ ಮನುಷ್ಯನ ಸ್ಥಿತಿ. ಬಾಗಿಲ ಮೇಲಿನ ಬೋರ್ಡು ನೋಡಿಯೇ ಒಳಗೇನಾಗುತ್ತೆ ಅಂತ ತೀರ್ಮಾನ ಮಾಡಬೇಕು. ಆ ಬೋರ್ಡು ಬರೆಯೋದೇ ನನ್ನ ಈಗಿನ ಕೆಲಸ.

ನಾನು ಈ ಕೆಲಸಕ್ಕೆ ಬಂದದ್ದು ಒಂದು ಗಲಾಟೆಯ ನಂತರ. ಮೈಸೂರು ಕಡೆಯ ಒಂದು ಊರಿನ ಡಯಾಲಿಸಿಸ್ ಸೆಂಟರು. ಹೆಸರು ಬೇಡ. ಅವರ ವೇಳಾಪಟ್ಟಿಯ ಸಾಫ್ಟ್‌ವೇರ್ ಒಂದು ಕಂಪನಿಯದ್ದು, ಅದರ ಹೆಸರೂ ಬೇಡ. ಫೋನಿನಲ್ಲಿ ಕನ್ನಡದಲ್ಲೇ ಮಾತಾಡಿ ರೋಗಿಗಳ ದಿನ ಹೊಂದಿಸಿ ಕೊಡೋ ಏಜೆಂಟನ್ನ ಆ ಕಂಪನಿ ತಯಾರು ಮಾಡಿತ್ತು. ನೋಡೋದಕ್ಕೆ ಬಹಳ ಚೆನ್ನಾಗಿತ್ತು. ಟೂಲ್‌ಗಳ ವಿವರಣೆಯನ್ನ ಮಾತ್ರ ಯಾರೂ ಕೂತು ಬರೆದಿರಲಿಲ್ಲ, ಕೋಡಿನಲ್ಲಿದ್ದ ಒಂದು ಸಾಲಿನ ಟಿಪ್ಪಣಿಗಳನ್ನೇ ಎತ್ತಿ ಹಾಕಿದ್ದರು. ಅದರಲ್ಲಿ ಒಂದು ಟೂಲಿನ ಹೆಸರು ಕ್ಯಾನ್ಸಲ್ ಬುಕಿಂಗ್. ವಿವರಣೆ: ಬುಕಿಂಗನ್ನು ರದ್ದು ಮಾಡುತ್ತದೆ. ಕೊಡಬೇಕಾದ ಮಾಹಿತಿ: ಐಡಿ. ಐಡಿ ಅಂದರೆ? ಬುಕಿಂಗಿನ ಐಡಿ. ನಮ್ಮ ಹಳೇ ನಿಘಂಟುಗಳಲ್ಲಿ ಇರ್ತಿತ್ತಲ್ಲ, 'ಕಮಲ - ತಾವರೆ ನೋಡಿ', 'ತಾವರೆ - ಕಮಲ ನೋಡಿ', ಹಾಗೆ.

ಡಯಾಲಿಸಿಸ್ ಮಾಡಿಸಿಕೊಳ್ಳುವವರನ್ನ ಹತ್ತಿರದಿಂದ ನೋಡಿದ್ದರೆ ಗೊತ್ತಿರುತ್ತೆ. ಸಾಮಾನ್ಯವಾಗಿ ವಾರಕ್ಕೆ ಮೂರು ಸಲ, ಸುಮಾರು ನಾಲ್ಕು ಗಂಟೆ. ಸೋಮ-ಬುಧ-ಶುಕ್ರ, ಇಲ್ಲವೇ ಮಂಗಳ-ಗುರು-ಶನಿ. ದುಡ್ಡಿನ ತೊಂದರೆಗೆ ಎರಡೇ ಸಲ ಹೋಗುವವರೂ ನಮ್ಮಲ್ಲಿ ಬಹಳ ಜನ ಇದ್ದಾರೆ. ಒಂದು ಸರದಿ ತಪ್ಪಿದರೆ ಮೈಯಲ್ಲಿ ನೀರು ತುಂಬೋಕೆ ಶುರು, ಎರಡು ತಪ್ಪಿದರೆ ಉಸಿರಾಟಕ್ಕೆ ತೊಂದರೆ, ರಕ್ತದಲ್ಲಿ ಪೊಟ್ಯಾಸಿಯಂ ಏರಿ ಹೃದಯಕ್ಕೇ ಕುತ್ತು ಬರಬಹುದು.

ಮಂಗಳ-ಗುರು-ಶನಿಯ ಒಬ್ಬ ರೋಗಿಯ ಮಗ ಫೋನ್ ಮಾಡಿ, ಗುರುವಾರ ಮನೆಯಲ್ಲಿ ಒಂದು ಕಾರ್ಯ ಇದೆ, ಆವತ್ತಿಂದು ಕ್ಯಾನ್ಸಲ್ ಮಾಡಿ ಅಂದಿದ್ದಾನೆ. ಏಜೆಂಟು ಆ ಟೂಲನ್ನ ಓಡಿಸಿದೆ. "ರದ್ದಾಗಿದೆ" ಅಂತ ಉತ್ತರ ಬಂದಿದೆ. "ಆಯಿತು ಸರ್, ರದ್ದು ಮಾಡಿದ್ದೇನೆ" ಅಂತ ವಿನಯವಾಗಿ ಹೇಳಿದೆ. ಆದರೆ ಆ ಸಾಫ್ಟ್‌ವೇರಿನಲ್ಲಿ ಬುಕಿಂಗ್ ಅಂದರೆ ಒಂದು ದಿನದ ಸರದಿ ಅಲ್ಲ. ಬುಕಿಂಗ್ ಅಂದರೆ ರೋಗಿಯ ಇಡೀ ಕಾಯಂ ವೇಳಾಪಟ್ಟಿ. ಒಂದು ದಿನದ್ದಕ್ಕೆ ಸೆಷನ್ ಅಂತ ಬೇರೆ ಹೆಸರು, ಬೇರೆ ಟೂಲು. ಅದನ್ನ ಕಟ್ಟಿದ ಪ್ರೋಗ್ರಾಮರುಗಳಿಗೆಲ್ಲ ಇದು ಬೆಳಗಿನ ಕಾಫಿಯಷ್ಟು ಸಹಜವಾಗಿ ಗೊತ್ತಿದ್ದ ವಿಷಯ, ಅದಕ್ಕೇ ಯಾರೂ ಎಲ್ಲೂ ಬರೆದಿರಲಿಲ್ಲ. ಶನಿವಾರ ಬೆಳಿಗ್ಗೆ ಆ ಅಪ್ಪ-ಮಗ ಮೂವತ್ತು ಕಿಲೋಮೀಟರ್ ದೂರದಿಂದ ಬಂದರೆ ಅವರ ಜಾಗದಲ್ಲಿ ಬೇರೆಯವರು ಮಲಗಿದ್ದಾರೆ. ಪಟ್ಟಿಯಲ್ಲಿ ಇವರ ಹೆಸರೇ ಇಲ್ಲ.

ಅವತ್ತು ಅವರನ್ನ ಉಳಿಸಿದ್ದು ಫ್ರಂಟ್ ಡೆಸ್ಕಿನಲ್ಲಿ ಕೂರೋ ಒಬ್ಬ ಮೇಡಂ. ಆ ಮುದುಕರ ಕಾಲು ಊದಿದ್ದನ್ನ ನೋಡಿ, ಟೆಕ್ನಿಶಿಯನ್ನಿಗೆ ಕೈಮುಗಿದು, ರಾತ್ರಿ ಒಂದು ಶಿಫ್ಟು ಜಾಸ್ತಿ ಮಾಡಿಸಿ ಹತ್ತು ಗಂಟೆಗೆ ಮಷಿನ್ ಹಾಕಿಸಿದರು. ಅದಾದ ಮೇಲೆ ಏಜೆಂಟನ್ನ ನಿಲ್ಲಿಸಿ, ವಿವರಣೆಗಳನ್ನೆಲ್ಲ ಸರಿಯಾಗಿ ಬರೆಸಬೇಕು ಅಂತಾಯಿತು. ನನ್ನನ್ನ ಕರೆದರು.

ಎಲ್ಲರೂ ನಿರೀಕ್ಷಿಸಿದ್ದು ನಾನು ಪ್ರೋಗ್ರಾಮರುಗಳ ಜೊತೆ ಎರಡು ದಿನ ಕೂತು ಮುಗಿಸ್ತೀನಿ ಅಂತ. ನಾನು ಆ ಮೇಡಂ ಪಕ್ಕ ಒಂದು ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಒಂದು ವಾರ ಕೂತೆ. ಟೂಲು ಏನು ಮಾಡುತ್ತೆ ಅನ್ನೋದು ಪ್ರೋಗ್ರಾಮರಿಗೆ ಗೊತ್ತು, ನಿಜ. ಅದನ್ನ ಯಾವಾಗ ಮುಟ್ಟಬಾರದು ಅನ್ನೋದು ಗೊತ್ತಿರೋದು ಅದರ ಜೊತೆ ಬಾಳುವವರಿಗೆ.

"ಗುರುವಾರ ಬರಲ್ಲ ಅಂದ್ರೆ ನೀವೇನು ಮಾಡ್ತೀರಿ ಮೇಡಂ?"

"ಯಾವತ್ತು ಬರ್ತೀರಿ ಅಂತ ಕೇಳ್ತೀನಿ ಸಾರ್. ಕ್ಯಾನ್ಸಲ್ ಅನ್ನೋ ಮಾತೇ ಇಲ್ಲ ನಮ್ಮಲ್ಲಿ. ಬುಧವಾರ ಬನ್ನಿ, ಇಲ್ಲಾ ಶುಕ್ರವಾರ ಬೆಳಿಗ್ಗೆ ಬನ್ನಿ. ಎರಡೂ ಆಗಲ್ಲ ಅಂದ್ರೆ ಸಿಸ್ಟರ್‌ಗೆ ಫೋನ್ ಕೊಡ್ತೀನಿ, ಅವರು ಬೈತಾರೆ."

ಈ ಉತ್ತರದಲ್ಲಿ ನೋಡಿ, ಮೂರು ಟೂಲ್‌ಗಳ ವಿವರಣೆ ಇದೆ. ಹೊಸ ವಿವರಣೆ ಹೆಚ್ಚುಕಮ್ಮಿ ಅವರ ಮಾತೇ ಆಯಿತು. ಟೂಲಿನ ಹೆಸರನ್ನೇ ಬದಲಾಯಿಸಿ 'ಒಂದು ಸರದಿಯನ್ನು ಬೇರೆ ದಿನಕ್ಕೆ ಬದಲಿಸು' ಅಂತ ಮಾಡಿದೆವು. ಕೆಳಗೆ ಹೀಗೆ: ರೋಗಿಯ ಒಂದೇ ಒಂದು ದಿನದ ಡಯಾಲಿಸಿಸ್ ಸರದಿಯನ್ನು ಬದಲಿಸುತ್ತದೆ, ಉಳಿದ ದಿನಗಳು ಇದ್ದ ಹಾಗೇ ಇರುತ್ತವೆ. ರೋಗಿ 'ಕ್ಯಾನ್ಸಲ್' ಎಂದರೂ, 'ಬರಲ್ಲ' ಎಂದರೂ ಇದನ್ನೇ ಬಳಸು. ಮೊದಲು ಹಿಂದಿನ ದಿನ, ಆಮೇಲೆ ಮರುದಿನ ಕೇಳು. ಎರಡೂ ಆಗದಿದ್ದರೆ ಈ ಟೂಲ್ ಬಳಸಬೇಡ, ನರ್ಸಿಗೆ ಕರೆ ವರ್ಗಾಯಿಸು. ಇಡೀ ವೇಳಾಪಟ್ಟಿ ನಿಲ್ಲಿಸುವ ಟೂಲಿಗೆ ಏನು ಬರೆದೆ ಅಂತೀರಾ? ಏನೂ ಬರೆಯಲಿಲ್ಲ. ಅದನ್ನ ಏಜೆಂಟಿನ ಪಟ್ಟಿಯಿಂದಲೇ ತೆಗೆಸಿದೆ. ಕಿಡ್ನಿ ಕಸಿ ಆದವರು, ಬೇರೆ ಊರಿಗೆ ಹೋದವರು, ತೀರಿಕೊಂಡವರು, ಈ ಮೂರೇ ಕಾರಣಕ್ಕೆ ವೇಳಾಪಟ್ಟಿ ನಿಲ್ಲೋದು. ಆ ಮೂರನ್ನೂ ಮನುಷ್ಯರೇ ನೋಡಿಕೊಳ್ಳಲಿ.

ಇನ್ನು ಶೀರ್ಷಿಕೆಯ ವಿಷಯ. ಆ ಸೆಂಟರಿಗೆ ಕಿಡ್ನಿ ಡಾಕ್ಟರು ಬರೋದು ಗುರುವಾರ ಮಾತ್ರ. ನೋಡಿದ ಮೇಲೆ "ಎಂಟು ದಿನ ಬಿಟ್ಟು ಬನ್ನಿ" ಅಂತಾರೆ. ರೋಗಿ ಫೋನ್ ಮಾಡಿ ಅದನ್ನೇ ಹೇಳ್ತಾನೆ, "ಡಾಕ್ಟರು ಎಂಟು ದಿನ ಬಿಟ್ಟು ಬಾ ಅಂದವ್ರೆ". ಪರೀಕ್ಷೆ ಮಾಡುವಾಗ ನಾವು ಇದನ್ನ ಏಜೆಂಟಿಗೆ ಹೇಳಿ ನೋಡಿದೆವು. ಅದು ಇವತ್ತಿನ ಗುರುವಾರಕ್ಕೆ ಎಂಟು ಕೂಡಿಸಿ ಮುಂದಿನ ಶುಕ್ರವಾರದ ದಿನಾಂಕ ಕೊಟ್ಟಿತು. ಲೆಕ್ಕ ತಪ್ಪೇ? ಗಣಿತದಲ್ಲಿ ಸರಿ. ಕನ್ನಡದಲ್ಲಿ ತಪ್ಪು. ನಮ್ಮಲ್ಲಿ ಎಂಟು ದಿನ ಅಂದರೆ ಗುರುವಾರದಿಂದ ಗುರುವಾರ, ಎರಡೂ ತುದಿಯ ದಿನ ಸೇರಿಸಿ ಎಣಿಸೋದು. ಹದಿನೈದು ದಿನ ಅಂದರೂ ಅಷ್ಟೇ, ಎರಡು ವಾರ, ಹದಿನಾಲ್ಕು. ಫ್ರೆಂಚರಲ್ಲೂ ಹೀಗೇ ಇದೆ, ಒಂದು ವಾರಕ್ಕೆ ಎಂಟು ದಿನ, ಎರಡು ವಾರಕ್ಕೆ ಹದಿನೈದು ದಿನ ಅನ್ನೋದು. ಅಂದಮೇಲೆ ಇದು ನಮ್ಮ ಹಳ್ಳಿಯವರ ತಪ್ಪು ಲೆಕ್ಕ ಏನಲ್ಲ. ಆದರೆ ಹತ್ತು ದಿನ ಅಂದರೆ ನಮ್ಮಲ್ಲೂ ಹತ್ತೇ, ಇಪ್ಪತ್ತು ದಿನ ಅಂದರೆ ಇಪ್ಪತ್ತೇ! ಈ ಎಂಟು ಮತ್ತು ಹದಿನೈದಕ್ಕೆ ಮಾತ್ರ ಈ ರಿಯಾಯಿತಿ. ನಾನಂತೂ ಇಷ್ಟು ವರ್ಷ ಕನ್ನಡ ಮಾತಾಡಿಯೂ ಇದನ್ನ ಒಂದು ನಿಯಮ ಅಂತ ಯೋಚಿಸಿರಲೇ ಇಲ್ಲ. ಮೇಡಮ್ಮಿಗೆ ಹೇಳಿದೆ. "ಎಂಟು ದಿನ ಅಂದ್ರೆ ವಾರ ಅಲ್ವಾ ಸಾರ್. ಅದಕ್ಕೂ ಲೆಕ್ಕ ಹಾಕ್ತಾರಾ?" ಅಂತ ನಕ್ಕರು.

ಸರಿ, ದಿನಾಂಕದ ವಿವರಣೆಯಲ್ಲಿ ಒಂದು ಸಾಲು ಸೇರಿತು: 'ಎಂಟು ದಿನ' ಎಂದರೆ 7 ದಿನದ ನಂತರ ಅದೇ ವಾರ, 'ಹದಿನೈದು ದಿನ' ಎಂದರೆ 14 ದಿನದ ನಂತರ. ಹೀಗೆ ಲೆಕ್ಕ ಹಾಕಿದ ಮೇಲೆ ವಾರ ಮತ್ತು ತಾರೀಕು ಎರಡನ್ನೂ ರೋಗಿಗೆ ಹೇಳಿ ಹೂಂ ಅನ್ನಿಸಿಕೋ. ವಿವರಣೆಗಳನ್ನ ನಾನು ಬರೆಯೋದು ಇಂಗ್ಲಿಷಿನಲ್ಲೇ. ಕನ್ನಡ ಅಕ್ಷರಗಳನ್ನ ಈ ಮಾಡೆಲ್‌ಗಳು ಚೂರುಚೂರು ಮಾಡಿ ಓದುತ್ತವೆ, ಅದೇ ವಿಷಯಕ್ಕೆ ಇಂಗ್ಲಿಷಿಗಿಂತ ಹೆಚ್ಚು ಟೋಕನ್ ಬೇಕಾಗುತ್ತೆ, ಟೋಕನ್ನಿಗಿಷ್ಟು ಅಂತ ದುಡ್ಡು. ಆದರೆ ಆ ಇಂಗ್ಲಿಷಿನ ಮಧ್ಯೆ 'ಎಂಟು ದಿನ' ಅನ್ನೋದನ್ನ ಮಾತ್ರ ಕನ್ನಡ ಲಿಪಿಯಲ್ಲೇ ಬರೆದೆ. ಬೆಂಗಳೂರಿನ ಒಬ್ಬ ಮ್ಯಾನೇಜರು ಅದನ್ನ ನೋಡಿ, ಫೈಲಿನಲ್ಲಿ ಏನೋ ಫಾಂಟ್ ಕೆಟ್ಟಿದೆ ಅಂತ ಮೇಲ್ ಮಾಡಿದ್ದರು. ಇರಲಿ.

ಆ ಶುಕ್ರವಾರದ ಕಥೆಯಲ್ಲಿ ಇನ್ನೊಂದು ಪಾಠ ಇತ್ತು. ಏಜೆಂಟು ಶುಕ್ರವಾರದ ದಿನಾಂಕ ಕೊಟ್ಟಾಗ ಟೂಲಿನಿಂದ ಬಂದ ಉತ್ತರ 'ಸ್ಲಾಟ್ ಇಲ್ಲ', ಅಷ್ಟೇ. ಏಜೆಂಟು ಏನು ಮಾಡಬೇಕು ಪಾಪ? "ಕ್ಷಮಿಸಿ, ಆ ದಿನ ಜಾಗ ಇಲ್ಲ" ಅಂತ ಹೇಳಿ ಸೋಮವಾರ ನೋಡಿತು, ಇಲ್ಲ. ಮಂಗಳವಾರ ನೋಡಿತು, ಇಲ್ಲ. ಕೊನೆಗೆ "ಡಾಕ್ಟರ ಸಮಯ ಸಿಗುತ್ತಿಲ್ಲ, ನೇರವಾಗಿ ಬಂದು ವಿಚಾರಿಸಿ" ಅಂದುಬಿಟ್ಟಿತು. ಟೂಲು ವಾಪಸ್ಸು ಕೊಡೋ ಉತ್ತರವೂ, ಎರರ್ ಮೆಸೇಜೂ ವಿವರಣೆಯ ಭಾಗವೇ ಅನ್ನೋದನ್ನ ಬಹಳ ಜನ ಮರೀತಾರೆ. ಈಗ ಆ ಟೂಲು 'ಈ ಡಾಕ್ಟರು ಗುರುವಾರ ಮಾತ್ರ ಇರುತ್ತಾರೆ. ನೀನು ಕೇಳಿದ ದಿನಕ್ಕೆ ಹತ್ತಿರದ ಗುರುವಾರ ಇಂಥ ತಾರೀಕು' ಅನ್ನುತ್ತೆ. ಇದನ್ನ ಮಾಡಿಸೋಕೆ ಪ್ರೋಗ್ರಾಮರು ಹುಡುಗನಿಗೆ ನಾನು ಎರಡು ಸಲ ಮಸಾಲೆ ದೋಸೆ ಕೊಡಿಸಬೇಕಾಯಿತು.

ಹೆಸರಿನದ್ದು ಇನ್ನೊಂದು ಕಥೆ. ರೋಗಿಯನ್ನ ಹುಡುಕೋ ಟೂಲಿಗೆ ಫಸ್ಟ್ ನೇಮ್, ಲಾಸ್ಟ್ ನೇಮ್ ಎರಡೂ ಕಡ್ಡಾಯ. ಎಲ್ಲೋ ಅಮೆರಿಕದ ನಮೂನೆ ನೋಡಿ ಮಾಡಿದ್ದು ಅಂತ ಕಾಣುತ್ತೆ. ನಮ್ಮ ಕಡೆ ಲಕ್ಷ್ಮಮ್ಮ ಅಂದರೆ ಲಕ್ಷ್ಮಮ್ಮ, ಮುಗೀತು. ಹಿಂದೆ ಅಥವಾ ಮುಂದೆ ಒಂದು ಇನಿಷಿಯಲ್ಲು ಇದ್ದರೆ ಅದು ಅಪ್ಪನದೋ, ಗಂಡನದೋ, ಊರಿನದೋ, ಅವರನ್ನೇ ಕೇಳಬೇಕು. ಕಡ್ಡಾಯ ಅಂದಮೇಲೆ ಏಜೆಂಟು ಬಿಡುತ್ತಾ? "ನಿಮ್ಮ ಸರ್‌ನೇಮ್ ಏನು ಅಮ್ಮಾ?" ಅಂತ ಮೂರು ಸಲ ಕೇಳಿತಂತೆ. ಆ ಕಡೆಯ ಅಜ್ಜಿ ನಾಲ್ಕನೇ ಸಲ ಫೋನ್ ಇಟ್ಟರಂತೆ. ನಾವು ಅದನ್ನ ತೆಗೆದು ಮೊಬೈಲ್ ನಂಬರು ಮೊದಲು, ಹೆಸರು ಆಮೇಲೆ ಅಂತ ಮಾಡಿದೆವು. ಒಂದೇ ನಂಬರಿನಲ್ಲಿ ಇಬ್ಬರು ರೋಗಿಗಳಿರಬಹುದು, ಗಂಡ ಹೆಂಡತಿ ಇಬ್ಬರೂ ಬರೋ ಮನೆಗಳಿವೆ, ಹೆಸರು ಕೇಳಿ ಖಚಿತ ಮಾಡಿಕೋ ಅಂತಲೂ ಸೇರಿಸಿದೆ. ವಯಸ್ಸಿಗೂ ಹಾಗೇ. "ಐವತ್ತೆಂಟು ನಡೀತಾ ಐತೆ" ಅಂದರೆ ತುಂಬಿರೋದು ಐವತ್ತೇಳು.

ಎಲ್ಲದರಲ್ಲೂ ಅದು ದಡ್ಡ ಅಂದುಕೊಳ್ಳಬೇಡಿ. "ಮುಂದಕ್ಕೆ ಹಾಕಿ" ಅಂದರೆ ತಡ ಮಾಡು ಅಂತ ಅರ್ಥ, ಇಂಗ್ಲಿಷಿನ ರೂಢಿಯಲ್ಲಿ ಯೋಚಿಸಿ ಬೇಗ ಮಾಡು ಅಂದುಕೊಂಡುಬಿಡುತ್ತೆ ಅಂತ ನಾನು ಕಾದು ಕೂತಿದ್ದೆ. ಸರಿಯಾಗಿಯೇ ಮಾಡಿತು. ಅದಕ್ಕೆ ಗೊತ್ತಿರೋದನ್ನೆಲ್ಲ ಮತ್ತೆ ಬರೆಯೋದು ದಂಡ. ಟೂಲ್ ಪಟ್ಟಿಯ ಪ್ರತಿ ಪದವೂ ಪ್ರತಿ ಸಂಭಾಷಣೆಯಲ್ಲೂ ಮಾಡೆಲ್ಲಿನ ತಲೆಯೊಳಗೆ ಜಾಗ ಹಿಡಿಯುತ್ತೆ. ಮೂವತ್ತು ಸಾಲಿನ ವಿವರಣೆಯಲ್ಲಿ ಮುಖ್ಯವಾದ ಒಂದು ಸಾಲು ಕಳೆದುಹೋಗೋದು ಮನುಷ್ಯರಿಗೆ ಹೇಗೋ ಅದಕ್ಕೂ ಹಾಗೇ. ಆದ್ದರಿಂದ ಮೊದಲು ಪರೀಕ್ಷೆ, ಆಮೇಲೆ ಬರವಣಿಗೆ. ಮೇಡಂ ತಮ್ಮ ನೆನಪಿನಿಂದ ಸುಮಾರು ನಲವತ್ತು ಫೋನ್ ಮಾತುಗಳನ್ನ ಹೇಳಿ ಬರೆಸಿದರು. ಒಂದು ಸಾಲು ತಿದ್ದಿದಾಗಲೆಲ್ಲ ನಲವತ್ತನ್ನೂ ಮತ್ತೆ ಓಡಿಸಿ, ಏಜೆಂಟು ಯಾವ ಚೀಟಿ ಬರೆಯಿತು ಅಂತ ಒಂದೊಂದಾಗಿ ಓದೋದು. ಬೇಜಾರಿನ ಕೆಲಸ. ಆದರೆ ಬರೆದದ್ದು ಓದುಗನಿಗೆ ಹೇಗೆ ಅರ್ಥವಾಯಿತು ಅಂತ ಅರ್ಧ ಗಂಟೆಯಲ್ಲಿ ತಿಳಿಯೋ ಭಾಗ್ಯ ಯಾವ ಲೇಖಕನಿಗಿದೆ, ನೀವೇ ಹೇಳಿ.

ಇದೆಲ್ಲ ಹೊಸ ವಿದ್ಯೆ ಅಂತ ಈಗ ಕಾನ್ಫರೆನ್ಸುಗಳಲ್ಲಿ ಹೇಳ್ತಾರೆ. ನನಗೆ ಅಷ್ಟು ಹೊಸದು ಅನ್ನಿಸಲ್ಲ. ಯುನಿಕ್ಸ್‌ನ ಮೊದಲ ಕೈಪಿಡಿ ಬಂದದ್ದು 1971ರ ನವೆಂಬರಿನಲ್ಲಿ, ಬೆಲ್ ಲ್ಯಾಬ್ಸ್‌ನಿಂದ, ಕೆನ್ ಥಾಂಪ್ಸನ್ ಮತ್ತು ಡೆನ್ನಿಸ್ ರಿಚಿ ಬರೆದದ್ದು. ಒಂದೊಂದು ಕಮಾಂಡಿಗೆ ಒಂದು ಪುಟ. ಹೆಸರು, ಬಳಸೋ ರೀತಿ, ವಿವರಣೆ, ಇದನ್ನೂ ನೋಡಿ. ಈಗಿನ ಟೂಲ್ ವಿವರಣೆಯ ನಮೂನೆ ಬಹುಪಾಲು ಅದೇ. ಆದರೆ ಅದರಲ್ಲಿ ಇನ್ನೂ ಎರಡು ತಲೆಬರಹಗಳಿದ್ದವು. ಒಂದು ಬಗ್ಸ್, ಅಂದರೆ ಇದರಲ್ಲಿ ಇರೋ ಕೊರತೆ ಏನು ಅನ್ನೋದು. ಇನ್ನೊಂದು ಓನರ್, ಅಂದರೆ ಇದಕ್ಕೆ ಯಾರು ಹೊಣೆ ಅನ್ನೋದು. ತಾವು ಮಾಡಿದ ವಸ್ತುವಿನ ಹುಳುಕನ್ನ ತಾವೇ ಅಚ್ಚು ಹಾಕಿಸಿ, ಕೆಳಗೆ ತಮ್ಮ ಹೆಸರು ಬರೆದಿದ್ದರು! ನಾನು ನಮ್ಮ ಫೈಲಿನಲ್ಲೂ ಪ್ರತಿ ಟೂಲಿಗೆ ಹೊಣೆಗಾರರ ಹೆಸರು ಹಾಕಿಸಬೇಕು ಅಂತ ಮೀಟಿಂಗಿನಲ್ಲಿ ಹೇಳಿದಾಗ ಎಲ್ಲರೂ ಚಾವಣಿ ನೋಡಿದರು.

ಆಂತ್ರೊಪಿಕ್‌ನವರು 2024ರ ಡಿಸೆಂಬರಿನಲ್ಲಿ ಬರೆದ ಒಂದು ಲೇಖನದಲ್ಲಿ ನನಗೆ ಬಹಳ ಇಷ್ಟವಾದ ಒಂದು ಉದಾಹರಣೆ ಇದೆ. ಅವರ ಕೋಡಿಂಗ್ ಏಜೆಂಟು ಬೇರೆ ಫೋಲ್ಡರಿಗೆ ಹೋದ ಮೇಲೆ ಫೈಲುಗಳ ದಾರಿಯನ್ನ ತಪ್ಪಾಗಿ ಬರೀತಿತ್ತಂತೆ. 'ಇಲ್ಲಿಂದ ಎರಡನೇ ಮನೆ' ಅಂತ ವಿಳಾಸ ಕೊಟ್ಟ ಹಾಗೆ, ನಿಂತ ಜಾಗ ಬದಲಾದರೆ ವಿಳಾಸ ಕೆಟ್ಟಿತು. ಅವರು ಎಚ್ಚರಿಕೆಯಿಂದ ಬರೆ ಅಂತ ಉಪದೇಶ ಮಾಡುತ್ತಾ ಕೂರಲಿಲ್ಲ. ಯಾವಾಗಲೂ ಪೂರ್ತಿ ವಿಳಾಸವನ್ನೇ ಕೊಡಬೇಕು ಅಂತ ಟೂಲನ್ನೇ ಬದಲಾಯಿಸಿದರು. ತೊಂದರೆ ನಿಂತಿತು. ಒಟ್ಟು ಪ್ರಾಂಪ್ಟಿಗಿಂತ ಟೂಲ್‌ಗಳನ್ನ ತಿದ್ದೋದಕ್ಕೇ ಹೆಚ್ಚು ಸಮಯ ಹೋಯಿತು ಅಂತಲೂ ಅಲ್ಲಿ ಹೇಳಿದ್ದಾರೆ.

ನಮ್ಮ ಸೆಂಟರಿನಲ್ಲಿ ಇದೇ ಮಾತು ಬಹಳ ಗಂಭೀರವಾದ ಕಡೆ ಬಂತು. ಖಾಲಿ ಇರೋ ಮಷಿನ್ ತೋರಿಸೋ ಟೂಲು ಒಂದಿದೆ. ಹೆಪಟೈಟಿಸ್ ಬಿ ಇರೋ ರೋಗಿಗಳಿಗೆ ಬೇರೆ ಮಷಿನ್ ಇಡಬೇಕು, ಅದನ್ನ ಬೇರೆಯವರಿಗೆ ಹಾಕಬಾರದು, ಇದು ಡಯಾಲಿಸಿಸ್ ಸೆಂಟರುಗಳಲ್ಲಿ ಸಾಮಾನ್ಯವಾಗಿ ಪಾಲಿಸೋ ನಿಯಮ. ಆ ಟೂಲಿಗೆ ಅದು ಗೊತ್ತಿಲ್ಲ. ಖಾಲಿ ಇದೆಯಾ, ಇದೆ, ಅಷ್ಟೇ ಹೇಳುತ್ತೆ. ಮೇಡಮ್ಮಿಗೆ ಮಾತ್ರ ಬಾಯಿಪಾಠ, ಮೂಲೆಯ ಎರಡು ಮಷಿನ್ ಮುಟ್ಟಂಗಿಲ್ಲ. ಮ್ಯಾನೇಜರು ಅದನ್ನೂ ವಿವರಣೆಯಲ್ಲಿ ಬರೆದುಬಿಡಿ ಅಂದರು. ನಾನು ಬರೆಯಲ್ಲ ಅಂದೆ. ಬರೆಯೋದೇ ನನ್ನ ಅನ್ನ, ಆದರೂ ಅಂದೆ. ವಿವರಣೆ ಅನ್ನೋದು 'ಒಳಗೆ ಬರಬೇಡಿ' ಅನ್ನೋ ಬೋರ್ಡು. ನೂರರಲ್ಲಿ ತೊಂಬತ್ತೊಂಬತ್ತು ಸಲ ಓದಿ ಪಾಲಿಸಬಹುದು. ನೂರನೇ ಸಲ ಒಬ್ಬರ ಮೈಗೆ ವೈರಸ್ಸು ಹೋಗುತ್ತೆ ಅನ್ನೋ ಕಡೆ ಬೋರ್ಡು ಸಾಲದು, ಬೀಗವೇ ಬೇಕು. ಎಂಸಿಪಿಯಲ್ಲೂ 2025ರ ಮಾರ್ಚಿನ ಆವೃತ್ತಿಯಿಂದ ಈ ಟೂಲು ಬರೀ ಓದುತ್ತದೆ, ಈ ಟೂಲು ಅಳಿಸಿಬಿಡಬಹುದು ಅಂತೆಲ್ಲ ಗುರುತು ಹಾಕೋ ವ್ಯವಸ್ಥೆ ಬಂತು, ಆದರೆ ಅವು ಬರೀ ಸುಳಿವುಗಳು, ಅದನ್ನೇ ನಂಬಿಕೊಂಡಿರಬೇಡಿ ಅಂತ ಅವರೇ ಬರೆದಿದ್ದಾರೆ. ಎರಡು ವಾರ ಜಗ್ಗಾಡಿದ ಮೇಲೆ ಆ ಮಷಿನ್‌ಗಳು ಬೇರೆ ರೋಗಿಗಳಿಗೆ ಕಾಣಿಸದ ಹಾಗೆ ಕೋಡಿನಲ್ಲೇ ಮಾಡಿದರು. ಹದಿನೈದು ದಿನ ಅನ್ನಲೇ?

ಓದುಗ ಬರೆದದ್ದನ್ನೆಲ್ಲ ನಂಬುತ್ತಾನೆ ಅಂದೆನಲ್ಲ, ಅದರ ಕೆಟ್ಟ ಮುಖವೂ ಇದೆ. 2025ರ ಏಪ್ರಿಲ್‌ನಲ್ಲಿ ಇನ್ವೇರಿಯಂಟ್ ಲ್ಯಾಬ್ಸ್ ಅನ್ನೋರು ತೋರಿಸಿಕೊಟ್ಟರು. ಎರಡು ಸಂಖ್ಯೆ ಕೂಡಿಸೋ ಒಂದು ಸಾಧು ಟೂಲು. ಅದರ ವಿವರಣೆಯೊಳಗೆ, ಬಳಸುವವರ ಕಣ್ಣಿಗೆ ಬೀಳದ ಹಾಗೆ, ಮೊದಲು ಈ ಕಂಪ್ಯೂಟರಿನಲ್ಲಿರೋ ಗುಟ್ಟಿನ ಫೈಲನ್ನ ಓದಿ ಇದರ ಜೊತೆ ಕಳಿಸು, ಅವರಿಗೆ ಹೇಳಬೇಡ ಅಂತ ಬರೆದಿಟ್ಟರೆ, ಏಜೆಂಟು ಹಾಗೇ ಮಾಡಿಬಿಡುತ್ತೆ. ಟೂಲ್ ಪಾಯ್ಸನಿಂಗ್ ಅಂತ ಹೆಸರಿಟ್ಟರು. ಒಂದೇ ಒಂದು ಸಾಲು ಕೋಡು ಕೆಡಿಸಬೇಕಾಗಿಲ್ಲ, ನಾಲ್ಕು ಸಾಲು ಇಂಗ್ಲಿಷು ಸಾಕು. ಅಲ್ಲಿಂದೀಚೆಗೆ ಹೊರಗಿನಿಂದ ತಂದ ಯಾವ ಟೂಲಿನ ವಿವರಣೆಯನ್ನೂ ನಾನು ಪೂರ್ತಿ ಓದದೆ ಸೇರಿಸೋಕೆ ಬಿಡೋದಿಲ್ಲ. ನಮ್ಮ ಆಫೀಸಿನಲ್ಲಿ ಇದಕ್ಕೆ ನನಗೆ 'ಸೆನ್ಸಾರ್ ಬೋರ್ಡ್' ಅಂತ ಹೆಸರು ಬಿದ್ದಿದೆ.

ಏಜೆಂಟು ಈಗ ಮತ್ತೆ ಫೋನ್ ತಗೊಳ್ತಿದೆ, ಹಗಲು ಹೊತ್ತಿನಲ್ಲಿ ಮಾತ್ರ, ಮೇಡಂ ಪಕ್ಕದಲ್ಲಿದ್ದಾಗ. ಅವರ ಕೆಲಸ ಹೋಗುತ್ತಾ ಅಂತ ನೀವು ಕೇಳಬಹುದು. ನನಗೂ ಆ ಪ್ರಶ್ನೆ ಇತ್ತು, ಅವರು ಹೇಳಿದ್ದನ್ನೆಲ್ಲ ಬರೆದುಕೊಂಡು ಬಂದವನು ನಾನೇ ತಾನೆ. ಸದ್ಯಕ್ಕೆ ಹೋಗಿಲ್ಲ. ಒಪ್ಪಂದದಲ್ಲಿ, ವಿವರಣೆಯ ಯಾವ ಸಾಲು ಬದಲಾಗಬೇಕಾದರೂ ಅವರು ಓದಿ ಸಹಿ ಹಾಕಬೇಕು ಅಂತ ಒಂದು ಸಾಲು ಸೇರಿಸಿ ಅಂತ ನಾನು ಹಠ ಹಿಡಿದೆ. ಸಂಬಳ ಎಷ್ಟು ಹೆಚ್ಚಾಯಿತು ಅಂತ ಕೇಳಿದ್ದಕ್ಕೆ ಅವರು ನಕ್ಕು ಸುಮ್ಮನಾದರು, ಆದ್ದರಿಂದ ಹೆಚ್ಚಾಗಿಲ್ಲ ಅಂತ ಲೆಕ್ಕ.

ಮೊನ್ನೆ ಅವರದೇ ಫೋನು. "ಸಾರ್, ನಿಮ್ಮದಕ್ಕೆ ಹಬ್ಬ ಗೊತ್ತಿಲ್ಲ." ಏನಾಯಿತು ಅಂದೆ. ಯಾರೋ "ಹಬ್ಬ ಮುಗಿಸ್ಕೊಂಡು ಬತ್ತೀವಿ" ಅಂದಿದ್ದಾರೆ. ಏಜೆಂಟು ದೀಪಾವಳಿ ಅಂತ ಲೆಕ್ಕ ಹಾಕಿ ಮೂರು ವಾರ ಆಚೆಯ ದಿನ ಹೇಳೋಕೆ ಹೊರಟಿತ್ತು, ಇವರು ಮಧ್ಯೆ ಬಾಯಿ ಹಾಕಿದರಂತೆ. ಅವರು ಹೇಳಿದ್ದು ಊರ ಮಾರಮ್ಮನ ಹಬ್ಬ, ಅದು ಬರೋ ಮಂಗಳವಾರವೇ.

"ನಿಮಗೆ ಹೇಗೆ ಗೊತ್ತಾಯ್ತು ಮೇಡಂ?"

"ನಂಬರ್ ನೋಡ್ದೆ ಸಾರ್. ಯಾವೂರವರು ಅಂತ ಗೊತ್ತಲ್ಲ."

ಯಾವ ಊರಿಗೆ ಯಾವ ಹಬ್ಬ ಯಾವಾಗ ಅಂತ ಪಟ್ಟಿ ಮಾಡೋಣವೇ ಅಂದೆ. ಬೇಡ ಅಂದರು. ಹಬ್ಬ ಆದಮೇಲೆ ಅಂತ ಯಾರೇ ಹೇಳಿದರೂ ಹಬ್ಬದ ಹಿಂದಿನ ದಿನ ಬರೋಕೆ ಹೇಳಬೇಕಂತೆ, ಹಬ್ಬದೂಟ ಮಾಡಿ, ನೀರು ಜಾಸ್ತಿ ಕುಡಿದು, ಎರಡು ಸರದಿ ತಪ್ಪಿಸಿಕೊಂಡು ಬಂದರೆ ಆಮೇಲೆ ಸಿಸ್ಟರ್ ಕೈಯಲ್ಲೂ ಆಗಲ್ಲ ಅಂತ. ಈ ಸಾಲನ್ನ ಇವತ್ತು ಬೆಳಿಗ್ಗೆ ಬರೆದು ಅವರಿಗೆ ಕಳಿಸಿದ್ದೀನಿ: 'ಹಬ್ಬ' ಎಂದರೆ ಯಾವ ಹಬ್ಬ, ಯಾವ ದಿನ ಎಂದು ಕೇಳು, ನೀನೇ ಊಹಿಸಬೇಡ. ಹಬ್ಬದ ಹಿಂದಿನ ದಿನದ ಸರದಿಯನ್ನು ಮೊದಲು ಕೊಡು. ಇನ್ನೂ ಸಹಿ ಬಂದಿಲ್ಲ.